ಗೂಗಲ್ ಬಿಟ್ಟು ಸರ್ಕಾರಕ್ಕೆ ಹೋದ ಮೆಕ್ಯಾನಿಕಲ್ ಇಂಜಿನಿಯರ್

ಪ್ಲೇಸ್‌ಮೆಂಟ್ ಸೀಸನ್ ಶುರುವಾಯ್ತು ಅಂದ್ರೆ ಹಾಸ್ಟೆಲ್, ಕ್ಯಾಂಟೀನು, ವಾಟ್ಸಾಪ್ ಗ್ರೂಪು ಎಲ್ಲ ಕಡೆ ಎರಡೇ ಪ್ರಶ್ನೆ ಓಡಾಡ್ತಿರುತ್ತವೆ. ಯಾವ ಕಂಪನಿ? ಪ್ಯಾಕೇಜ್ ಎಷ್ಟು? ಕೇಳೋದ್ರಲ್ಲಿ ತಪ್ಪೇನಿಲ್ಲ ಬಿಡಿ. ಎಜುಕೇಶನ್ ಲೋನ್ ತೀರಿಸಬೇಕು, ಮನೆ ಕಡೆಯೂ ನೋಡಬೇಕು. ಆದರೆ ಮೂರನೆಯ ಪ್ರಶ್ನೆ ಒಂದಿದೆ, ಅದನ್ನ ಯಾರೂ ಕೇಳಲ್ಲ. ನಾವು ಬರೆಯೋ ಕೋಡು, ಮಾಡೋ ಡಿಸೈನು ಕೊನೆಗೆ ಯಾರ ಕೈಗೆ ಸೇರುತ್ತೆ?

ಸರ್ಕಾರಿ ಕೆಲಸ ಅಂದರೆ ನಮ್ಮ ಕಣ್ಣಿಗೆ ಬರೋದು ಸಿವಿಲ್‌ನವರಿಗೆ ಪಿಡಬ್ಲ್ಯುಡಿ, ಎಲೆಕ್ಟ್ರಿಕಲ್‌ನವರಿಗೆ ಕೆಪಿಟಿಸಿಎಲ್, ಇಲ್ಲಾಂದ್ರೆ ಕೋಚಿಂಗ್ ಸೆಂಟರ್ ಸೇರಿ ಐಎಎಸ್. ಕಂಪ್ಯೂಟರ್ ಸೈನ್ಸ್‌ನವರ ಪಟ್ಟಿಯಲ್ಲಂತೂ ಅದು ಇರೋದೇ ಇಲ್ಲ. "ಚೆನ್ನಾಗಿ ಕೋಡ್ ಮಾಡೋನು ಸರ್ಕಾರಕ್ಕೆ ಯಾಕೆ ಹೋಗ್ತಾನೆ?" ಅಂತ ನಗ್ತೀವಿ. ಅದೇ ಬಾಯಲ್ಲಿ ಸ್ಕಾಲರ್‌ಶಿಪ್ ಪೋರ್ಟಲ್ ಕೊನೇ ದಿನ ಹ್ಯಾಂಗ್ ಆದಾಗ ಬೈತೀವಿ. ಈ ಎರಡು ಮಾತಿಗೂ ಸಂಬಂಧ ಇದೆ ಅನ್ನೋದು ನನ್ನ ವಾದ. ಅದನ್ನ ಹೇಳೋಕೆ ಒಬ್ಬ ಹೆಣ್ಣುಮಗಳ ವೃತ್ತಿಜೀವನವನ್ನ ಎದುರಿಗಿಟ್ಟುಕೊಳ್ತೀನಿ. ಹೆಸರು ಮೇಗನ್ ಸ್ಮಿತ್. ಅಮೆರಿಕದ ಮೂರನೆಯ ಚೀಫ್ ಟೆಕ್ನಾಲಜಿ ಆಫೀಸರ್, ಆ ಹುದ್ದೆಗೆ ಬಂದ ಮೊದಲ ಮಹಿಳೆ.

1964ರಲ್ಲಿ ಹುಟ್ಟಿದ ಮೇಗನ್ ಬೆಳೆದದ್ದು ನ್ಯೂಯಾರ್ಕ್ ರಾಜ್ಯದ ಬಫಲೋ ಅನ್ನೋ ಊರಿನಲ್ಲಿ. ಎಂಐಟಿಯಲ್ಲಿ ಓದಿದ್ದು ಮೆಕ್ಯಾನಿಕಲ್. 1986ರಲ್ಲಿ ಬ್ಯಾಚುಲರ್ ಡಿಗ್ರಿ, 1988ರಲ್ಲಿ ಮಾಸ್ಟರ್ಸ್. ನಮ್ಮ ಕಡೆ ಮೆಕ್ಯಾನಿಕಲ್ ಕ್ಲಾಸಿಗೆ ಹೋಗಿ ಹುಡುಗಿಯರನ್ನ ಎಣಿಸಿದರೆ ಬಹಳ ಕಾಲೇಜುಗಳಲ್ಲಿ ಕೈಬೆರಳೇ ಸಾಕು. ನಲವತ್ತು ವರ್ಷದ ಹಿಂದೆ ಅಲ್ಲಿ ಅವರು ಕೈಗೆ ಗ್ರೀಸ್ ಹಚ್ಚಿಕೊಂಡು ಸ್ಟೂಡೆಂಟ್ ಟೀಮಿನ ಜೊತೆ ಸೋಲಾರ್ ಕಾರ್ ಕಟ್ಟಿದರು. ಸೌರಶಕ್ತಿ ಕಾರುಗಳ ಮೊದಲ ವಿಶ್ವ ಸ್ಪರ್ಧೆ ನಡೆದದ್ದು 1987ರಲ್ಲಿ, ಆಸ್ಟ್ರೇಲಿಯಾದ ಡಾರ್ವಿನ್‌ನಿಂದ ಅಡಿಲೇಡ್‌ವರೆಗೆ, ಸುಮಾರು 3,000 ಕಿಲೋಮೀಟರ್ ದಾರಿ. ಆ ಓಟದಲ್ಲಿ ಗೆದ್ದದ್ದು ಜನರಲ್ ಮೋಟಾರ್ಸ್ ಕಂಪನಿಯ ಸನ್‌ರೇಸರ್. ವಿದ್ಯಾರ್ಥಿಗಳ ಕಾರು ಗೆಲ್ಲಲಿಲ್ಲ. ನಮ್ಮಲ್ಲಿ ಬಾಹಾ, ಫಾರ್ಮುಲಾ ಸ್ಟೂಡೆಂಟ್ ಅಂತ ರಾತ್ರಿಯೆಲ್ಲ ವರ್ಕ್‌ಶಾಪಿನಲ್ಲಿ ಬಿದ್ದಿರೋರಿಗೆ ಗೆಲ್ಲದ ಕಾರಿನಿಂದಲೂ ಎಷ್ಟು ಕಲೀಬಹುದು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಸ್ವಲ್ಪ ದಿನ ಟೋಕಿಯೋದಲ್ಲಿ ಆಪಲ್. ಅಲ್ಲಿಂದ ಜನರಲ್ ಮ್ಯಾಜಿಕ್ ಅನ್ನೋ ಕಂಪನಿ. ಈ ಹೆಸರು ನಮ್ಮಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ, ಆದರೆ ಕೇಳಲೇಬೇಕಾದ್ದು. 1990ರಲ್ಲಿ ಆಪಲ್‌ನಿಂದ ಕವಲೊಡೆದ ಈ ಕಂಪನಿ ಕೈಯಲ್ಲಿ ಹಿಡಿಯೋ, ಟಚ್‌ಸ್ಕ್ರೀನ್ ಇರೋ, ಮೆಸೇಜ್ ಕಳಿಸೋ ಒಂದು ಯಂತ್ರ ಮಾಡೋಕೆ ಹೊರಟಿತ್ತು. ಈಗ ನೀವು ಈ ಲೇಖನ ಓದ್ತಿರೋ ಫೋನಿನ ಅಜ್ಜ ಅಂದುಕೊಳ್ಳಿ. 1994ರಲ್ಲಿ ಅದರ ತಂತ್ರಾಂಶ ಹಾಕಿದ ಸೋನಿ ಮ್ಯಾಜಿಕ್ ಲಿಂಕ್ ಮಾರುಕಟ್ಟೆಗೆ ಬಂತು. ಯಾರೂ ಕೊಳ್ಳಲಿಲ್ಲ ಅಂದರೂ ನಡೆಯುತ್ತೆ, ಅಷ್ಟು ಕೆಟ್ಟದಾಗಿ ಮುಗ್ಗರಿಸಿತು. ಜನರ ಮನೆಗೆ ಇಂಟರ್ನೆಟ್ಟೇ ಸರಿಯಾಗಿ ಬಂದಿರದ ಕಾಲ ಅದು. ಆದರೆ ಆ ಆಫೀಸಿನಲ್ಲಿ ಕೂತಿದ್ದವರನ್ನ ನೋಡಿ. ಮುಂದೆ ಐಪಾಡ್ ಮಾಡಿದ ಟೋನಿ ಫ್ಯಾಡೆಲ್, ಆಂಡ್ರಾಯ್ಡ್ ಶುರುಮಾಡಿದ ಆಂಡಿ ರೂಬಿನ್, ಈಬೇ ಕಟ್ಟಿದ ಪಿಯರ್ ಒಮಿಡ್ಯಾರ್. ಮೇಗನ್ ಕೂಡ ಅಲ್ಲೇ ಇದ್ದರು. ಅವರ ರೆಸ್ಯೂಮಿನಲ್ಲಿ ಈ ಸೋತ ಕಂಪನಿಯ ಹೆಸರು ಕಲೆಯಾಗಿ ಉಳಿಯಲಿಲ್ಲ.

ಆಮೇಲೆ ಎಲ್‌ಜಿಬಿಟಿ ಸಮುದಾಯದ ಪ್ಲ್ಯಾನೆಟ್‌ಔಟ್ ಅನ್ನೋ ಜಾಲತಾಣದ ಸಿಇಒ ಆದರು. 2003ರಲ್ಲಿ ಗೂಗಲ್ ಸೇರಿದರು. ಹೊಸ ವ್ಯವಹಾರ ಅಭಿವೃದ್ಧಿ ವಿಭಾಗದ ವೈಸ್ ಪ್ರೆಸಿಡೆಂಟ್ ಆಗಿ, ಗೂಗಲ್ ಯಾವ ಸಣ್ಣ ಕಂಪನಿಗಳನ್ನ ಕೊಳ್ಳಬೇಕು ಅಂತ ನೋಡೋ ಕೆಲಸದ ಮುಂದಾಳತ್ವ ವಹಿಸಿದರು. 2004ರಲ್ಲಿ ಗೂಗಲ್ ಕೊಂಡ ಕೀಹೋಲ್ ಮುಂದೆ ಗೂಗಲ್ ಅರ್ಥ್ ಆಯ್ತು. ಸಿಡ್ನಿಯ ವೇರ್ ಟು ಟೆಕ್ನಾಲಜೀಸ್ ಗೂಗಲ್ ಮ್ಯಾಪ್ಸ್‌ಗೆ ಅಡಿಪಾಯ ಆಯ್ತು. ಪಿಕಾಸಾ ಕೂಡ ಅದೇ ವರ್ಷದ್ದು. ನಂತರ ಗೂಗಲ್‌ನ ಸಮಾಜಸೇವಾ ವಿಭಾಗ ನೋಡಿಕೊಂಡರು, ಕೊನೆಗೆ ಗೂಗಲ್ ಎಕ್ಸ್‌ನ ವೈಸ್ ಪ್ರೆಸಿಡೆಂಟ್. ಅಂದರೆ ನಮ್ಮ ಲೆಕ್ಕದಲ್ಲಿ "ಸೆಟಲ್" ಅನ್ನೋ ಪದಕ್ಕಿಂತ ಹತ್ತು ಮೆಟ್ಟಿಲು ಮೇಲೆ.

ಅಲ್ಲಿಂದ ಅವರು 2014ರ ಸೆಪ್ಟೆಂಬರಿನಲ್ಲಿ ಸರ್ಕಾರಕ್ಕೆ ಹೋದರು. ಅಧ್ಯಕ್ಷ ಒಬಾಮಾ ಅವರ ಚೀಫ್ ಟೆಕ್ನಾಲಜಿ ಆಫೀಸರ್ ಆಗಿ. ಶ್ವೇತಭವನದಲ್ಲಿ ಅವರ ಕೈಗೆ ಸಿಕ್ಕಿದ್ದು ಬ್ಲ್ಯಾಕ್‌ಬೆರಿ ಫೋನು, 2013ರ ಮಾಡೆಲ್ಲಿನ ಒಂದು ಡೆಲ್ ಲ್ಯಾಪ್‌ಟಾಪು ಅಂತ ಪತ್ರಿಕೆಗಳು ತಮಾಷೆಯಾಗಿ ಬರೆದವು.

ಯಾಕೆ ಹೋದರು ಅನ್ನೋದು ಅರ್ಥವಾಗಬೇಕಾದರೆ ಅದಕ್ಕೆ ಒಂದು ವರ್ಷ ಹಿಂದೆ ನಡೆದದ್ದು ಗೊತ್ತಿರಬೇಕು. 2013ರ ಅಕ್ಟೋಬರ್ 1ರಂದು ಹೆಲ್ತ್‌ಕೇರ್ ಡಾಟ್ ಗವ್ ಅನ್ನೋ ಸರ್ಕಾರಿ ಜಾಲತಾಣ ತೆರೆಯಿತು. ಜನ ಆರೋಗ್ಯ ವಿಮೆ ಆರಿಸಿಕೊಳ್ಳೋ ಜಾಗ ಅದು. ಲಕ್ಷಾಂತರ ಜನ ಬಂದರು. ಮೊದಲ ದಿನ ಪೂರ್ತಿ ನೋಂದಣಿ ಮುಗಿಸಿದವರು ಆರು ಜನ. ಆರು ಲಕ್ಷ ಅಲ್ಲ, ಆರು ಸಾವಿರವೂ ಅಲ್ಲ, ಆರೇ ಆರು.

ಸರ್ವರ್ ಸಾಕಾಗಲಿಲ್ಲ ಅಂತ ಒಂದು ಮಾತಿನಲ್ಲಿ ಮುಗಿಸಬಹುದು. ಆದರೆ ನಾವು ಇಂಜಿನಿಯರಿಂಗ್ ಓದ್ತಿರೋರು, ಇನ್ನೊಂಚೂರು ಕೆದಕೋಣ. ವಿಮೆಗಳ ಬೆಲೆ ನೋಡಬೇಕಾದರೆ ಮೊದಲು ಅಕೌಂಟ್ ತೆರೀಬೇಕು ಅಂತ ಸೈಟನ್ನ ಕಟ್ಟಿದ್ದರು. ಅಂಗಡಿಗೆ ಕಾಲಿಡೋ ಮುಂಚೆಯೇ ಆಧಾರ್ ಕಾರ್ಡ್ ತೋರಿಸಿ ಅಂದ ಹಾಗೆ. ಸುಮ್ಮನೆ ಬೆಲೆ ನೋಡೋಕೆ ಬಂದವರೆಲ್ಲ ಅಕೌಂಟ್ ತೆರೆಯೋ ಒಂದೇ ಬಾಗಿಲಲ್ಲಿ ನುಗ್ಗಿದರು, ಬಾಗಿಲು ಮುರೀತು. ಕೆಲಸ ಐವತ್ತಕ್ಕೂ ಹೆಚ್ಚು ಗುತ್ತಿಗೆದಾರ ಕಂಪನಿಗಳಿಗೆ ಹಂಚಿಹೋಗಿತ್ತು. ಎಲ್ಲ ಭಾಗ ಜೋಡಿಸಿ ತುದಿಯಿಂದ ತುದಿಗೆ ಟೆಸ್ಟ್ ಮಾಡಿದ್ದು ಕೊನೆಯ ಎರಡು ವಾರದಲ್ಲಿ ಮಾತ್ರ. ನಮ್ಮ ಫೈನಲ್ ಇಯರ್ ಪ್ರಾಜೆಕ್ಟಿನಲ್ಲಿ ನಾಲ್ಕು ಜನ ನಾಲ್ಕು ಮಾಡ್ಯೂಲ್ ಮಾಡಿ, ಎಕ್ಸ್‌ಟರ್ನಲ್ ಬರೋ ಹಿಂದಿನ ರಾತ್ರಿ ಇಂಟಿಗ್ರೇಟ್ ಮಾಡ್ತೀವಲ್ಲ, ಅದನ್ನೇ ಒಂದು ದೇಶದ ಮಟ್ಟಕ್ಕೆ ಹಿಗ್ಗಿಸಿ ನೋಡಿ.

ಸರಿಮಾಡೋಕೆ ಕಂಪನಿಗಳಿಂದ ಕೆಲವು ಇಂಜಿನಿಯರುಗಳು ಬಂದರು. ಅವರಲ್ಲೊಬ್ಬರು ಗೂಗಲ್‌ನ ಮೈಕಿ ಡಿಕರ್ಸನ್. ಅವರು ಮೀಟಿಂಗಿಗೆ ಹಾಕಿದ ನಿಯಮ ಸರಳ. ಇಲ್ಲಿ ಸಮಸ್ಯೆ ಬಿಡಿಸೋಣ, ತಪ್ಪು ಯಾರದ್ದು ಅಂತ ಹೇಳೋಕೆ ಬೇರೆ ಜಾಗಗಳಿವೆ. ಮಾತಾಡಬೇಕಾದ್ದು ವಿಷಯ ಗೊತ್ತಿರೋರು, ದೊಡ್ಡ ಕುರ್ಚಿಯವರಲ್ಲ. ಡಿಸೆಂಬರ್ ಹೊತ್ತಿಗೆ ಸೈಟ್ ಬಹುಮಟ್ಟಿಗೆ ನಡೀತಿತ್ತು. 2014ರ ಏಪ್ರಿಲ್ ವೇಳೆಗೆ ಕೇಂದ್ರ ಮತ್ತು ರಾಜ್ಯಗಳ ವ್ಯವಸ್ಥೆ ಎರಡೂ ಸೇರಿ ಸುಮಾರು 80 ಲಕ್ಷ ಜನ ವಿಮೆಗೆ ಹೆಸರು ಹಚ್ಚಿದ್ದರು. ಆ ಆಗಸ್ಟಿನಲ್ಲಿ ಯುಎಸ್ ಡಿಜಿಟಲ್ ಸರ್ವಿಸ್ ಅನ್ನೋ ಘಟಕ ಹುಟ್ಟಿತು, ಡಿಕರ್ಸನ್ ಅದರ ಮುಖ್ಯಸ್ಥರಾದರು. ಮರು ತಿಂಗಳೇ ಮೇಗನ್ ಬಂದರು.

ಇಲ್ಲಿ ಒಂದು ವಿಷಯ ಸ್ಪಷ್ಟ ಇರಲಿ. ಹೆಲ್ತ್‌ಕೇರ್ ಸೈಟನ್ನ ಉಳಿಸಿದ್ದು ಮೇಗನ್ ಅಲ್ಲ. ಅವರ ಹುದ್ದೆ ಸರ್ಕಾರದ ಕಂಪ್ಯೂಟರುಗಳನ್ನೆಲ್ಲ ನಡೆಸೋ ಹುದ್ದೆಯೂ ಅಲ್ಲ, ಅದಕ್ಕೆ ಬೇರೆ ಅಧಿಕಾರಿ ಇದ್ದಾರೆ. ಅಧ್ಯಕ್ಷರಿಗೆ ತಂತ್ರಜ್ಞಾನದ ವಿಷಯದಲ್ಲಿ ಸಲಹೆ ಕೊಡೋದು, ಜನರನ್ನ ಕೂಡಿಸೋದು, ಕಾರ್ಯಕ್ರಮ ರೂಪಿಸೋದು, ಇಷ್ಟೇ ಅವರ ಕೆಲಸ. ದೊಡ್ಡ ಬಜೆಟ್ಟು ಕೈಯಲ್ಲಿ ಇರಲಿಲ್ಲ. ಆದರೂ ಅವರು ಹಿಡಿದ ಹಟ ನನಗೆ ಮುಖ್ಯ ಅನ್ನಿಸುತ್ತೆ. ನೀತಿ ಬರೆಯೋ ಮೇಜಿನ ಸುತ್ತ ವಕೀಲರಿರ್ತಾರೆ, ಅರ್ಥಶಾಸ್ತ್ರಜ್ಞರಿರ್ತಾರೆ, ಆ ಮೇಜಿಗೆ ಇಂಜಿನಿಯರೂ ಬರಬೇಕು. ಎಲ್ಲ ತೀರ್ಮಾನ ಆದಮೇಲೆ "ಇದಕ್ಕೊಂದು ಸಾಫ್ಟ್‌ವೇರ್ ಮಾಡಿಕೊಡಿ" ಅಂತ ಕರೆಯೋದಲ್ಲ, ತೀರ್ಮಾನ ಆಗುವಾಗಲೇ ಅವರು ಅಲ್ಲಿರಬೇಕು. ಐಕ್ಯೂ, ಇಕ್ಯೂ ಅಂತೀವಲ್ಲ, ಹಾಗೆ ಅವರು ಟಿಕ್ಯೂ ಅನ್ನೋ ಮಾತು ಬಳಸ್ತಿದ್ದರು. ತಂತ್ರಜ್ಞಾನದ ತಿಳುವಳಿಕೆ ಅಂತ ಅರ್ಥ.

ಇದು ಬರೀ ದೊಡ್ಡ ಮಾತು ಅನ್ನಿಸಿದರೆ ಅಕೌಂಟ್ ತೆರೆಯೋ ಬಾಗಿಲನ್ನ ಮತ್ತೆ ನೆನಪಿಸಿಕೊಳ್ಳಿ. "ಮೊದಲು ಅಕೌಂಟ್, ಆಮೇಲೆ ಬೆಲೆ" ಅನ್ನೋದು ಫ್ಲೋಚಾರ್ಟಿನ ಒಂದು ಡಬ್ಬಿ. ಆ ಒಂದು ಡಬ್ಬಿ ಒಂದು ಕಾನೂನನ್ನೇ ಮುಳುಗಿಸೋ ಹಂತಕ್ಕೆ ತಂದಿತ್ತು.

ಇದರ ಉಲ್ಟಾ ಉದಾಹರಣೆಗೆ ದೂರ ಹೋಗಬೇಕಿಲ್ಲ. ನಮ್ಮ ಕರ್ನಾಟಕದ "ಭೂಮಿ" ಯೋಜನೆ ಇದೆ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿ ಈ ಶತಮಾನದ ಶುರುವಿನಲ್ಲಿ ಕಂಪ್ಯೂಟರಿಗೆ ಬಂತು. ತಾಲ್ಲೂಕು ಕಚೇರಿಯ ಕಿಯೋಸ್ಕಿನಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಸಿಗ್ತಿತ್ತು. ಸಾಫ್ಟ್‌ವೇರ್ ಮಾಡಿದ್ದು ಎನ್‌ಐಸಿ, ಅಂದರೆ ಸರ್ಕಾರದ್ದೇ ಸಂಸ್ಥೆ. ಅದರಲ್ಲಿ ನನಗೆ ಬಹಳ ಇಷ್ಟವಾದ ವಿಷಯ ಒಂದಿದೆ. ಖಾತೆ ಬದಲಾವಣೆ ಅರ್ಜಿಗಳು ಮೊದಲು ಬಂದದ್ದು ಮೊದಲು ಅನ್ನೋ ಕ್ರಮದಲ್ಲೇ ಮುಂದೆ ಹೋಗಬೇಕು ಅಂತ ಸಾಫ್ಟ್‌ವೇರೇ ಕಟ್ಟುಹಾಕಿತ್ತು. ಪರಿಚಯದವರ ಫೈಲನ್ನ ಮೇಲಕ್ಕೆ ಎಳೆಯೋದಕ್ಕೆ ಅವಕಾಶ ಇಲ್ಲ. ಥರ್ಡ್ ಸೆಮ್ ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಎರಡು ಮಾರ್ಕ್ಸಿಗೆ ಬರೆಯೋ ಕ್ಯೂ ಇದೆಯಲ್ಲ, ಅದೇ. ಅಲ್ಲಿ ಅದು ಲಂಚದ ವಿರುದ್ಧದ ಒಂದು ನಿಯಮ ಆಗಿತ್ತು. ಲಂಚ ಪೂರ್ತಿ ನಿಂತುಹೋಯ್ತು ಅಂತ ನಾನು ಹೇಳ್ತಿಲ್ಲ. ಡಿಸೈನ್ ಮಾಡೋನು ಗೊತ್ತಿದ್ದೋ ಗೊತ್ತಿಲ್ಲದೆಯೋ ಕಾನೂನಿನ ಒಂದು ಸಾಲು ಬರೀತಾನೆ ಅಂತ ಹೇಳ್ತಿದ್ದೀನಿ.

ಮೇಗನ್ ಮಾಡಿದ್ದರಲ್ಲಿ ಇನ್ನೊಂದು ವಿಷಯ ನಮ್ಮ ಹುಡುಗಿಯರಿಗೆ ಹತ್ತಿರದ್ದು. ತಂತ್ರಜ್ಞಾನದ ಚರಿತ್ರೆಯಲ್ಲಿ ಹೆಂಗಸರು ಇರಲಿಲ್ಲ ಅನ್ನೋ ಮಾತೇ ಸುಳ್ಳು ಅಂತ ಅವರು ಹೋದಲ್ಲಿ ಬಂದಲ್ಲಿ ಹೇಳ್ತಿದ್ದರು. ಹೆಂಗಸರು ಇದ್ದರು, ಕಥೆ ಹೇಳೋರು ಅವರನ್ನ ಬಿಟ್ಟರು. 1946ರಲ್ಲಿ ಜಗತ್ತಿಗೆ ತೋರಿಸಿದ ಎನಿಯಾಕ್ ಕಂಪ್ಯೂಟರಿಗೆ ಪ್ರೋಗ್ರಾಂ ಮಾಡಿದವರು ಆರು ಜನ ಹೆಂಗಸರು. ಆಪಲ್ ಮ್ಯಾಕಿಂತೋಷ್ ತಂಡದಲ್ಲಿ ಐಕಾನುಗಳನ್ನ ಬಿಡಿಸಿದ್ದು ಸೂಸನ್ ಕೇರ್, ಮಾರ್ಕೆಟಿಂಗ್ ಕಟ್ಟಿದ್ದು ಜೊವಾನಾ ಹಾಫ್‌ಮನ್. ಇಬ್ಬರೂ ಮುಂದೆ ಜನರಲ್ ಮ್ಯಾಜಿಕ್‌ನಲ್ಲೂ ಕೆಲಸ ಮಾಡಿದವರು. ಮೇಗನ್ ಅಧಿಕಾರದಲ್ಲಿದ್ದಾಗಲೇ, 2015ರಲ್ಲಿ, ನಾಸಾದ ಕ್ಯಾಥರೀನ್ ಜಾನ್ಸನ್ ಅವರಿಗೆ ಅಮೆರಿಕದ ಅತ್ಯುನ್ನತ ನಾಗರಿಕ ಗೌರವ ಬಂತು. 2016ರಲ್ಲಿ ಅಪೋಲೋ ನೌಕೆಯ ಸಾಫ್ಟ್‌ವೇರ್ ತಂಡ ನಡೆಸಿದ ಮಾರ್ಗರೆಟ್ ಹ್ಯಾಮಿಲ್ಟನ್‌ಗೆ ಬಂತು, ಕಂಪೈಲರುಗಳಿಗೆ ದಾರಿ ಮಾಡಿದ ಗ್ರೇಸ್ ಹಾಪರ್‌ಗೆ ಮರಣೋತ್ತರವಾಗಿ ಸಂದಿತು.

ನಮ್ಮದನ್ನೂ ಕೇಳಿಕೊಳ್ಳೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್, ಆಂಟೆನಾ ಕಲಿಸಿದ ರಾಜೇಶ್ವರಿ ಚಟರ್ಜಿ ಅವರ ಹೆಸರು ನಮ್ಮ ಇಸಿ ಬ್ರಾಂಚಿನಲ್ಲಿ ಎಷ್ಟು ಜನಕ್ಕೆ ಗೊತ್ತು? ಆ ಸಂಸ್ಥೆಯ ಇಂಜಿನಿಯರಿಂಗ್ ಅಧ್ಯಾಪಕರಲ್ಲಿ ಅವರು ಮೊದಲ ಮಹಿಳೆ. ವಿಮೆನ್ಸ್ ಡೇ ದಿನ ಕೇಕ್ ಕತ್ತರಿಸೋ ಬದಲು ಇಂಥ ಒಂದು ಫೋಟೋ, ನಾಲ್ಕು ಸಾಲು ಲ್ಯಾಬ್ ಗೋಡೆಗೆ ಹಾಕಿದರೆ ಅದು ವರ್ಷಪೂರ್ತಿ ಇರುತ್ತೆ.

ಇಷ್ಟು ಹೊಗಳಿದ ಮೇಲೆ ಎದುರು ಮಾತನ್ನೂ ಕೇಳಬೇಕು. ಇಲ್ಲಾಂದ್ರೆ ಇದು ಅಭಿಪ್ರಾಯ ಲೇಖನ ಆಗಲ್ಲ, ಅಭಿನಂದನಾ ಗ್ರಂಥ ಆಗುತ್ತೆ.

ಮೊದಲ ಆಕ್ಷೇಪ: ಗೂಗಲ್‌ನವರು ಸರ್ಕಾರಕ್ಕೆ, ಸರ್ಕಾರದವರು ಗೂಗಲ್‌ಗೆ ಅಂತ ಓಡಾಡ್ತಿದ್ದರೆ ಕೊನೆಗೆ ಸರ್ಕಾರ ಯಾರದ್ದು? ಒಬಾಮಾ ಕಾಲದಲ್ಲಿ ಈ ಟೀಕೆ ಜೋರಾಗಿಯೇ ಇತ್ತು. ನ್ಯಾಯವಾದ ಟೀಕೆಯೇ. ಅವರು ತಂದಿದ್ದ ನಿಯಮದ ಪ್ರಕಾರ ಹೊರಗಿನಿಂದ ನೇಮಕ ಆದವರು ಎರಡು ವರ್ಷ ತಮ್ಮ ಹಳೆಯ ಕಂಪನಿಗೆ ನೇರ ಸಂಬಂಧಪಟ್ಟ ವಿಷಯದಲ್ಲಿ ಕೈಹಾಕುವಂತಿರಲಿಲ್ಲ. ಅಷ್ಟೇ ಸಾಕಾ? ನನಗೆ ಸಾಲದು ಅನ್ನಿಸುತ್ತೆ. ಯಾರನ್ನ ಭೇಟಿಯಾದರು, ಏನು ತೀರ್ಮಾನ ಆಯ್ತು ಅನ್ನೋದೆಲ್ಲ ಬಹಿರಂಗ ಇರಬೇಕು. ಆದರೆ ಇನ್ನೊಂದು ಬದಿಯನ್ನೂ ನೋಡಿ. ಒಳಗೆ ಒಬ್ಬ ಇಂಜಿನಿಯರೂ ಇಲ್ಲದ ಇಲಾಖೆಗೆ ಯಾವ ಕಂಪನಿ ಏನು ಮಾರಿದರೂ ಮಾರಾಟವಾಗುತ್ತೆ. ಟೆಂಡರ್ ಬರೆಯೋರಿಗೆ ತಾವು ಏನು ಕೊಳ್ತಿದ್ದೀವಿ ಅಂತಲೇ ಗೊತ್ತಿರಲ್ಲ. ಕಂಪನಿಗಳ ಹಿಡಿತ ಬೇಡ ಅನ್ನೋರಿಗೆ ಒಳಗೆ ಬಲ್ಲವರು ಇರಬೇಕಾದ್ದು ಇನ್ನೂ ಹೆಚ್ಚು ಅಗತ್ಯ.

ಎರಡನೆಯದು ಇನ್ನೂ ಗಟ್ಟಿಯಾದ ಆಕ್ಷೇಪ: ಇದೆಲ್ಲ ಉಳೀತಾ? 2016ರ ಜನವರಿಯಲ್ಲಿ ಎಲ್ಲ ಶಾಲಾ ಮಕ್ಕಳಿಗೂ ಕಂಪ್ಯೂಟರ್ ಸೈನ್ಸ್ ಅಂತ ದೊಡ್ಡ ಯೋಜನೆ ಘೋಷಣೆ ಆಯ್ತು. ರಾಜ್ಯಗಳಿಗೆ ಕೊಡೋಕೆ 400 ಕೋಟಿ ಡಾಲರ್ ಕೇಳಿದರು, ಅಲ್ಲಿನ ಸಂಸತ್ತು ಕೊಡಲಿಲ್ಲ. 2017ರ ಜನವರಿಯಲ್ಲಿ ಸರ್ಕಾರ ಬದಲಾಯ್ತು, ಮೇಗನ್ ಹೊರಬಂದರು. ಅವರ ಕುರ್ಚಿಗೆ ಮುಂದಿನವರು ಅಧಿಕೃತವಾಗಿ ಬಂದದ್ದು 2019ರ ಆಗಸ್ಟಿನಲ್ಲಿ. ಎರಡೂವರೆ ವರ್ಷ ಹುದ್ದೆ ಖಾಲಿ. 2025ರಲ್ಲಿ ಯುಎಸ್ ಡಿಜಿಟಲ್ ಸರ್ವಿಸ್ಸಿನ ಹೆಸರೇ ಬದಲಾಗಿ ಅದು ಡೋಜ್ ಸರ್ವಿಸ್ ಆಯ್ತು. 18ಎಫ್ ಅಂತ ಸರ್ಕಾರದ ಒಳಗೇ ಇದ್ದ ಇನ್ನೊಂದು ತಾಂತ್ರಿಕ ತಂಡವನ್ನ ಮುಚ್ಚಿದರು.

ಹಾಗಾದರೆ ಮೇಗನ್ ಸೋತರಾ? ಒಬ್ಬರ ಹೆಸರಿನ ಮೇಲೆ, ಒಬ್ಬ ಅಧ್ಯಕ್ಷರ ಇಷ್ಟದ ಮೇಲೆ ನಿಂತ ಕೆಲಸ ಅವರು ಹೋದಮೇಲೆ ಅಲ್ಲಾಡುತ್ತೆ ಅನ್ನೋದಂತೂ ನಿಜ. ಇದನ್ನ ಮುಚ್ಚಿಡಬಾರದು. ಇದರಿಂದ ನಾನು ತೆಗೆದುಕೊಳ್ಳೋ ಪಾಠ ಬೇರೆ. ಗೂಗಲ್‌ನಿಂದ ಎರಡು ವರ್ಷಕ್ಕೆ ಬಂದುಹೋಗೋ ದೊಡ್ಡ ಹೆಸರುಗಳಿಂದ ಬಾಗಿಲು ತೆರೆಯಬಹುದು, ಮನೆ ನಡೆಯಲ್ಲ. ಮನೆ ನಡೆಯೋದು ಹತ್ತು ಹದಿನೈದು ವರ್ಷ ಒಳಗೇ ಇರೋ ಸಾಧಾರಣ ಇಂಜಿನಿಯರುಗಳಿಂದ. ಅವರಿಗೆ ಒಳ್ಳೆ ಸಂಬಳ, ಬಡ್ತಿ, ಮೀಟಿಂಗಿನಲ್ಲಿ "ಇದು ಹೀಗೆ ನಡೆಯಲ್ಲ ಸರ್" ಅನ್ನೋ ಧೈರ್ಯ, ಹಾಗಂದರೆ ಕೇಳಿಸಿಕೊಳ್ಳೋ ಅಧಿಕಾರಿ, ಇವೆಲ್ಲ ಬೇಕು. ಕೋಡ್ ಬರೆಯೋರನ್ನ ವರ್ಷ ವರ್ಷದ ಗುತ್ತಿಗೆ ಮೇಲೆ ಇಟ್ಟುಕೊಂಡು, "ನಮ್ಮಲ್ಲಿ ಟ್ಯಾಲೆಂಟ್ ಬರಲ್ಲ" ಅಂತ ಗೋಳಾಡಿದರೆ ಪ್ರಯೋಜನ ಇಲ್ಲ. ತಪ್ಪು ಬರೀ ನಮ್ಮದಲ್ಲ ಅಂತಲೂ ಹೇಳಬೇಕು. ಕ್ಯಾಂಪಸ್ಸಿಗೆ ಬಂದು "ನಮಗೆ ನಿಮ್ಮಂಥ ಹುಡುಗ ಹುಡುಗಿಯರು ಬೇಕು" ಅಂತ ಪ್ರೀ-ಪ್ಲೇಸ್‌ಮೆಂಟ್ ಟಾಕ್ ಕೊಟ್ಟ ಸರ್ಕಾರಿ ಇಲಾಖೆ ಎಷ್ಟಿವೆ?

ಮೂರನೆಯದು ನಿಮ್ಮಲ್ಲಿ ಕೆಲವರು ಈಗಾಗಲೇ ಮನಸ್ಸಿನಲ್ಲಿ ಅಂದುಕೊಂಡಿರೋದು. "ಅವರು ಎಂಐಟಿ, ಗೂಗಲ್ಲು. ದುಡ್ಡು ಮಾಡಿಕೊಂಡು ಆಮೇಲೆ ಸೇವೆಗೆ ಹೋದರು. ನಮಗೆ ಮೊದಲು ಹೊಟ್ಟೆಪಾಡು." ಸರಿಯಾದ ಮಾತು. ಲೋನ್ ಇರೋ ಮನೆಯ ಹುಡುಗಿಗೆ "ತ್ಯಾಗ ಮಾಡು" ಅಂತ ಹೇಳೋ ಹಕ್ಕು ನನಗಿಲ್ಲ. ಆದರೆ ಅವರ ದಾರಿಯನ್ನ ಇನ್ನೊಮ್ಮೆ ನೋಡಿ. ಮೆಕ್ಯಾನಿಕಲ್‌ನಿಂದ ಟಚ್‌ಸ್ಕ್ರೀನು, ಅಲ್ಲಿಂದ ಜಾಲತಾಣ, ಅಲ್ಲಿಂದ ವ್ಯವಹಾರ, ಅಲ್ಲಿಂದ ಸರ್ಕಾರ, ಈಗ ಶಿಫ್ಟ್7 ಅನ್ನೋ ತಮ್ಮದೇ ಸಂಸ್ಥೆ. ಮೊದಲ ಕೆಲಸವೇ ಕೊನೆಯ ಕೆಲಸ ಅಲ್ಲ. ಇವತ್ತು ಕಂಪನಿಗೆ ಸೇರೋರೂ ಎಂಟು ಹತ್ತು ವರ್ಷ ಆದಮೇಲೆ ಆ ಕಡೆ ತಿರುಗಬಹುದು. ಹಾಗೆ ಒಂದು ತಿರುವು ಇದೆ ಅನ್ನೋದಾದರೂ ನಮ್ಮ ನಕ್ಷೆಯಲ್ಲಿ ಇರಲಿ ಅಂತ ಅಷ್ಟೇ.

ಇನ್ನು ಫೈನಲ್ ಇಯರ್‌ನವರಿಗೆ ಒಂದು ಕೆಲಸ ಹೇಳ್ತೀನಿ, ಇದಕ್ಕೆ ಯಾವ ತ್ಯಾಗವೂ ಬೇಡ. ಪ್ರಾಜೆಕ್ಟಿಗೆ ಈ ಸಲವೂ ಅದೇ ಫೇಸ್ ರೆಕಗ್ನಿಷನ್ ಅಟೆಂಡೆನ್ಸ್, ಅದೇ ಸ್ಮಾರ್ಟ್ ಡಸ್ಟ್‌ಬಿನ್ ಮಾಡೋ ಮುಂಚೆ, ನಿಮ್ಮ ಊರಿನ ಜನ ಆನ್‌ಲೈನಿನಲ್ಲಿ ತುಂಬಬೇಕಾದ ಯಾವುದಾದರೂ ಒಂದು ಸರ್ಕಾರಿ ಅರ್ಜಿ ತಗೊಳ್ಳಿ. ನಿಮ್ಮ ಅಮ್ಮನ್ನೋ, ಪಕ್ಕದ ಮನೆ ಅಜ್ಜನ್ನೋ ಕೂರಿಸಿ ತುಂಬಿಸಿ. ನೀವು ಬಾಯಿ ಬಿಡಬೇಡಿ. ಎಲ್ಲೆಲ್ಲಿ ನಿಂತರು, ಯಾವ ಪದ ಅರ್ಥ ಆಗಲಿಲ್ಲ, ಎಷ್ಟು ಸಲ ಓಟಿಪಿ ಬರಲಿಲ್ಲ, ಎಷ್ಟು ಕಡೆ ಕನ್ನಡವೇ ಇರಲಿಲ್ಲ, ಎಲ್ಲ ಬರೆದುಕೊಳ್ಳಿ. ಆಮೇಲೆ ಅದನ್ನ ಸರಿಯಾಗಿ ಹೇಗೆ ಕಟ್ಟಬಹುದಿತ್ತು ಅಂತ ಕಟ್ಟಿ ತೋರಿಸಿ, ವರದಿಯನ್ನ ಸಂಬಂಧಪಟ್ಟ ಇಲಾಖೆಗೆ ಕಳಿಸಿ. ಉತ್ತರ ಬರದೇ ಇರಬಹುದು. ಆದರೆ ಇಂಟರ್‌ವ್ಯೂನಲ್ಲಿ "ಪ್ರಾಜೆಕ್ಟ್ ಬಗ್ಗೆ ಹೇಳಿ" ಅಂದಾಗ ಬೇರೆ ಯಾರ ಹತ್ತಿರವೂ ಇಲ್ಲದ ಉತ್ತರ ನಿಮ್ಮ ಹತ್ತಿರ ಇರುತ್ತೆ. ಗೈಡ್ ಒಪ್ಪಲಿಲ್ಲ ಅಂದರೆ ಕನ್ನಡ ಸಂಘಕ್ಕೆ ಬನ್ನಿ, ಒಟ್ಟಿಗೆ ಕೂತು ಮಾಡೋಣ.